ಅವ್ವನ ರೇಡಿಯೋಗೆ ಒಂದು ಜೋಡಿ ಸ್ಪೀಕರ್ ಕಟ್ಟಿದ್ದು ಹೀಗೆ

ದಾವಣಗೆರೆಯ ನಿಟ್ಟುವಳ್ಳಿ ಕಡೆ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಬೇಸಿಗೆಯಲ್ಲಿ ತಲೆ ಎತ್ತಲು ಪುರಸೊತ್ತು ಇರುವುದಿಲ್ಲ. ಬೋರ್ ಬತ್ತುತ್ತವೆ, ಸಬ್‌ಮರ್ಸಿಬಲ್ ಮೋಟರ್ ಸುಡುತ್ತವೆ, ಜಗಳೂರು, ಚನ್ನಗಿರಿ ಕಡೆಯ ರೈತರು ಗಾಡಿಯಲ್ಲಿ ಹಾಕಿಕೊಂಡು ಬಂದು ಸಂಜೆಯೊಳಗೆ ಬೇಕು ಅಂತ ಕೂರುತ್ತಾರೆ. ಮಳೆ ಹಿಡಿದು ಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ ಕೆಲಸ ತಣ್ಣಗಾಗುತ್ತದೆ. ಆಗ ನಾನು ಸ್ಪೀಕರ್ ಕಟ್ಟುತ್ತೇನೆ. ಇದುವರೆಗೆ ಏಳು ಜೋಡಿ ಆಗಿವೆ. ಮೊದಲನೇ ಜೋಡಿ ಅವ್ವನಿಗಾಗಿ ಕಟ್ಟಿದ್ದು. ಇಲ್ಲಿ ಹೇಳುವುದು ಅದರ ಲೆಕ್ಕವೇ.

ಅವ್ವ ಹದಿನೆಂಟು ವರ್ಷ ಹತ್ತಿ ಗಿರಣಿಯಲ್ಲಿ ದುಡಿದವಳು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ದಿನಕ್ಕೆ ಎಂಟು ತಾಸು ಮಷೀನಿನ ಸದ್ದು. ಅಂಥ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರ ಕಿವಿಗೆ ಮೊದಲು ಮಂದವಾಗುವುದು 4000 ಹರ್ಟ್ಸ್ (ಸೆಕೆಂಡಿಗೆ 4000 ಸಲ ಕಂಪಿಸುವುದು) ಸುತ್ತಮುತ್ತಲಿನ ದನಿ. ಸ, ಶ, ತ, ಚ ಇಂಥ ಅಕ್ಷರಗಳ ಚೂಪು ಇರುವುದು ಅಲ್ಲಿಯೇ. ಸಾಲು ಅಂದರೋ ಹಾಲು ಅಂದರೋ ತಿಳಿಯುವುದಿಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಅವ್ವನಿಗೆ ಭದ್ರಾವತಿ ಆಕಾಶವಾಣಿ ಇರಲೇಬೇಕು. ಕೇಳಿಸುತ್ತಿಲ್ಲ ಅಂತ ನಾನು ಬಣ್ಣದ ದೀಪ ಮಿನುಗುವ ದೊಡ್ಡ ಬಾಕ್ಸೊಂದನ್ನು ತಂದುಕೊಟ್ಟೆ. ಎರಡೇ ದಿನಕ್ಕೆ ಅವ್ವ ಅದನ್ನು ಮೂಲೆಗೆ ತಳ್ಳಿದಳು. "ಬರೀ ಡಬ್ ಡಬ್ ಅಂತೈತೆ ಕಣಪ್ಪ, ಏನ್ ಹೇಳ್ತಾರೋ ಒಂದೂ ತಿಳಿಯಂಗಿಲ್ಲ." ಜೋರು ಬೇರೆ, ಸ್ಪಷ್ಟ ಬೇರೆ ಅಂತ ನನಗೆ ಅವತ್ತು ಗೊತ್ತಾಯಿತು.

ಸ್ಪೀಕರ್ ಅಂದರೆ ನನ್ನ ಕಣ್ಣಿಗೆ ಅದೂ ಒಂದು ಮೋಟರೇ. ಮ್ಯಾಗ್ನೆಟ್ ಇದೆ, ತಾಮ್ರದ ಕಾಯಿಲ್ ಇದೆ, ಕರೆಂಟ್ ಹರಿದರೆ ಕಾಯಿಲ್ ಚಲಿಸುತ್ತದೆ. ಸುತ್ತುವ ಬದಲು ಹಿಂದೆ ಮುಂದೆ ಓಡಾಡುತ್ತದೆ, ಅದಕ್ಕೆ ಅಂಟಿಸಿದ ಪೇಪರ್ ಕೋನ್ ಗಾಳಿಯನ್ನು ತಳ್ಳುತ್ತದೆ. ಈ ರೂಪವನ್ನು 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಇಂಜಿನಿಯರುಗಳು ಮಾಡಿ ತೋರಿಸಿದರು. ನೂರು ವರ್ಷ ಆದರೂ ಮೂಲ ಅದೇ ಇದೆ.

ಮರ ಮುಟ್ಟುವ ಮುಂಚೆ ಒಂದು ಪ್ರಯೋಗ ಮಾಡಿ. ಬರೀ ವೂಫರನ್ನು, ಅಂದರೆ ಕೆಳಗಿನ ದನಿ ಕೊಡುವ ದೊಡ್ಡ ಸ್ಪೀಕರನ್ನು, ಕೈಯಲ್ಲಿ ಹಿಡಿದು, ಆಂಪ್ಲಿಫೈಯರಿಗೆ ಕೊಟ್ಟು, ಸಣ್ಣ ದನಿಯಲ್ಲಿ ತಬಲಾ ಇರುವ ಯಾವುದಾದರೂ ಹಾಡು ಹಾಕಿ. ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಈಗ ಫ್ರಿಜ್ ಬಂದ ದೊಡ್ಡ ರಟ್ಟಿನ ಡಬ್ಬ ಇದ್ದರೆ ಅದರ ಒಂದು ಹಾಳೆಗೆ ತೂತು ಕೊರೆದು, ವೂಫರನ್ನು ಆ ತೂತಿಗೆ ಒತ್ತಿ ಹಿಡಿಯಿರಿ. ಇಷ್ಟು ಹೊತ್ತು ಇಲ್ಲದ ಡಗ್ಗಾ ತಟ್ಟನೆ ಎದ್ದು ಬರುತ್ತದೆ. ಕೋನ್ ಮುಂದೆ ತಳ್ಳಿದಾಗ ಹಿಂದಿನ ಗಾಳಿ ಹಿಗ್ಗುತ್ತದೆ. 80 ಹರ್ಟ್ಸ್‌ನ ಅಲೆ 4 ಮೀಟರಿಗಿಂತ ಉದ್ದ. ಅಷ್ಟು ಉದ್ದದ ಅಲೆಗೆ ವೂಫರಿನ ಅಂಚು ಯಾವ ಲೆಕ್ಕ? ಮುಂದಿನ ಗಾಳಿ ಅಂಚು ಸುತ್ತಿ ಹಿಂದಕ್ಕೆ ಹೋಗಿ ಎರಡೂ ಹೊಡೆದುಹಾಕಿಕೊಳ್ಳುತ್ತವೆ. ಪೆಟ್ಟಿಗೆ ಇರುವುದು ಆ ಎರಡು ಗಾಳಿಯನ್ನು ಬೇರೆ ಇಡಲಿಕ್ಕೆ. ಇದನ್ನು ಒಂದು ಸಲ ಕಿವಿಯಾರೆ ಕೇಳಿದವರು ಆಮೇಲೆ ಪೆಟ್ಟಿಗೆಯ ಸಂದಿ ಬಿಡುವುದಿಲ್ಲ.

ವೂಫರ್ ಕೊಳ್ಳುವಾಗ ವ್ಯಾಟ್ ನೋಡಬೇಡಿ, ಅದರ ಜೊತೆ ಬರುವ ಹಾಳೆ ನೋಡಿ. ಹಾಳೆಯೇ ಇಲ್ಲದ ಮಾಲು ನನಗೆ ಬೇಡ. ನಾನು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಆರೂವರೆ ಇಂಚಿನ 8 ಓಂ ವೂಫರ್ ಎರಡು, ಮೇಲಿನ ಚೂಪು ದನಿ ಕೊಡುವ, ಒಂದು ಇಂಚಿನ ಬಟ್ಟೆ ಗುಮ್ಮಟದ ಟ್ವೀಟರ್ ಎರಡು ತಂದೆ. ಹಾಳೆಯಲ್ಲಿ ಮೂರು ಅಂಕಿ ಮುಖ್ಯ. ಎಫ್‌ಎಸ್ ಅಂದರೆ ಕೋನ್ ತನ್ನಷ್ಟಕ್ಕೆ ತೂಗುವ ವೇಗ, ಜೋಕಾಲಿಗೆ ಅದರದೇ ತೂಗು ಇರುವ ಹಾಗೆ. ಕ್ಯೂಟಿಎಸ್ ಅಂದರೆ ಆ ತೂಗು ಎಷ್ಟು ಬೇಗ ನಿಲ್ಲುತ್ತದೆ ಅನ್ನುವುದು. ವಾಸ್ ಅಂದರೆ ಕೋನಿನ ಸ್ಪ್ರಿಂಗ್ ಗುಣ ಎಷ್ಟು ಲೀಟರ್ ಗಾಳಿಯ ಸ್ಪ್ರಿಂಗ್ ಗುಣಕ್ಕೆ ಸಮ ಅನ್ನುವುದು. ಈ ಲೆಕ್ಕವನ್ನು ನೆಲೆ ನಿಲ್ಲಿಸಿದವರು ಆಸ್ಟ್ರೇಲಿಯಾದ ನೆವಿಲ್ ಥೀಲ್, 1961ರಲ್ಲಿ. ಮುಂದೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಪೂರ್ತಿ ಮಾಡಿದರು. ಅದಕ್ಕೂ ಮುಂಚೆ ಪೆಟ್ಟಿಗೆ ಅಳತೆ ಬಹುಪಾಲು ಅಂದಾಜಿನ ಮೇಲೇ ನಡೆಯುತ್ತಿತ್ತು.

ನನ್ನ ವೂಫರಿನ ಎಫ್‌ಎಸ್ 45 ಹರ್ಟ್ಸ್, ಕ್ಯೂಟಿಎಸ್ 0.40, ವಾಸ್ 20 ಲೀಟರ್. ನಾನು ಮಾಡುವುದು ಪೂರ್ತಿ ಮುಚ್ಚಿದ ಪೆಟ್ಟಿಗೆ. ಮುಂದೆ ಪೈಪಿನ ತೂತು ಇರುವ ಪೆಟ್ಟಿಗೆಯಲ್ಲಿ ಬಾಸ್ ಜಾಸ್ತಿ ಬರುತ್ತದೆ, ನಿಜ. ಆದರೆ ಮೊದಲ ಸಲ ಕಟ್ಟುವವರಿಗೆ, ಅದರಲ್ಲೂ ಮಾತು ಕೇಳುವವರಿಗೆ, ಮುಚ್ಚಿದ್ದೇ ಒಳ್ಳೆಯದು. ತಪ್ಪಿಗೆ ಸ್ವಲ್ಪ ಜಾಗ ಕೊಡುತ್ತದೆ. ಪೆಟ್ಟಿಗೆಯಲ್ಲಿ ಕೂರಿಸಿದ ಮೇಲೆ ವೂಫರಿನ ಕ್ಯೂಟಿಎಸ್ ಏರುತ್ತದೆ, ಆ ಏರಿದ ಅಂಕಿಯೇ ಕ್ಯೂ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು 0.707 ಆದರೆ ದನಿ ಸಮತಟ್ಟು. 0.707 ಅನ್ನು 0.40ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ 3.12. ಒಂದು ಕಳೆದರೆ 2.12. ವಾಸ್ 20 ಲೀಟರನ್ನು ಇದರಿಂದ ಭಾಗಿಸಿದರೆ 9.4 ಲೀಟರ್. ಅಷ್ಟೇ ಲೆಕ್ಕ. ಈ ಪೆಟ್ಟಿಗೆಯಲ್ಲಿ ಸುಮಾರು 80 ಹರ್ಟ್ಸ್ ತನಕ ದನಿ ಗಟ್ಟಿಯಾಗಿ ಬರುತ್ತದೆ, ಅಲ್ಲಿಂದ ಕೆಳಗೆ ಮೆಲ್ಲಗೆ ಇಳಿಯುತ್ತದೆ. ಚೆಂದ ಕಾಣಲಿ ಅಂತ ಪೆಟ್ಟಿಗೆಯನ್ನು 3 ಲೀಟರಿಗೆ ಇಳಿಸಿದರೆ ಕ್ಯೂ 1.1 ದಾಟುತ್ತದೆ. ಆಗ ಅವ್ವ ಹೇಳಿದ ಆ ಡಬ್ ಡಬ್ ಶುರು. ನಿಮ್ಮ ವೂಫರಿನ ಅಂಕಿ ಬೇರೆ ಇದ್ದರೆ ಇದೇ ದಾರಿಯಲ್ಲಿ ನಿಮ್ಮ ಲೀಟರ್ ತೆಗೆದುಕೊಳ್ಳಿ.

ವೂಫರಿನ ಬೆನ್ನು, ಒಳಗಿನ ಆಸರೆ ಪಟ್ಟಿ, ದನಿ ಹಂಚುವ ಕ್ರಾಸ್‌ಓವರ್ ಎಲ್ಲ ಸೇರಿ ಒಂದು ಲೀಟರ್ ಜಾಗ ತಿನ್ನುತ್ತವೆ. ಹಾಗಾಗಿ ಒಳಗೆ 10.4 ಲೀಟರ್ ಇಟ್ಟುಕೊಂಡೆ. 18 ಎಂಎಂ ಪ್ಲೈವುಡ್‌ನಲ್ಲಿ ಹೊರ ಅಳತೆ ಅಗಲ 20, ಎತ್ತರ 32, ಆಳ 26 ಸೆಂಟಿಮೀಟರ್. ಒಂದು ಪೆಟ್ಟಿಗೆಗೆ ಮುಂದಿನದು ಹಿಂದಿನದು 20ಕ್ಕೆ 32ರ ಎರಡು ತುಂಡು, ಪಕ್ಕದವು 22.4ಕ್ಕೆ 32ರ ಎರಡು, ಮೇಲೆ ಕೆಳಗೆ 16.4ಕ್ಕೆ 22.4ರ ಎರಡು. ಮೇಲಿನ ಕೆಳಗಿನ ಹಲಗೆ ಪಕ್ಕದ ಹಲಗೆಗಳ ನಡುವೆ ಕೂರುತ್ತವೆ, ಮುಂದಿನದು ಹಿಂದಿನದು ಎಲ್ಲದರ ಅಂಚನ್ನೂ ಮುಚ್ಚುತ್ತವೆ. ಎರಡು ಪೆಟ್ಟಿಗೆಗೆ ಏಳೂವರೆ ಚದರ ಅಡಿ ಮರ ಆಗುತ್ತದೆ. ಗರಗಸದ ದಾರಿ, ತುಂಡಿನ ಹೊಂದಾಣಿಕೆ ಎಲ್ಲ ಹಿಡಿದು 4 ಅಡಿಗೆ 3 ಅಡಿ ಇದ್ದರೆ ನಿಶ್ಚಿಂತೆ. ವಾರ್ಡ್‌ರೋಬ್ ಮಾಡುವ ಬಡಗಿಗಳ ಹತ್ತಿರ ಇಷ್ಟು ತುಂಡು ಯಾವಾಗಲೂ ಬಿದ್ದಿರುತ್ತದೆ, ಸುಮ್ನೆ ಹೋಗಿ ಕೇಳಿ.

ನಾನು ಮೊದಲು ಅಗ್ಗಕ್ಕೆ ಸಿಕ್ಕ ಪ್ಲೈವುಡ್ ತಂದು ಒಂದು ಪೆಟ್ಟಿಗೆ ಪೂರ್ತಿ ಕಟ್ಟಿ ಮುಗಿಸಿದ್ದೆ. ಗಂಡಸಿನ ದನಿ ಬಂದಾಗೆಲ್ಲ ಎಡಗಡೆ ಹಲಗೆ ಜೀರುಂಡೆಯ ಹಾಗೆ ಝಿರ್ ಅನ್ನುತ್ತಿತ್ತು. ಎದುರು ಅಂಗಡಿಯ ಬಡಗಿ ಅಣ್ಣ ಬಂದು, ಬೆರಳ ಗೆಣ್ಣಿನಿಂದ ಹಲಗೆಯನ್ನು ಇಂಚಿಂಚಿಗೂ ತಟ್ಟುತ್ತಾ ಹೋದರು. ಟಕ್ ಟಕ್ ಟಕ್, ಒಂದು ಕಡೆ ಪೊಳ್ಳಾಗಿ ಡೊಕ್ ಅಂತು. "ಇಲ್ಲಿ ಒಳಗೆ ಪದರನೇ ಇಲ್ಲ ನೋಡಪ" ಅಂದರು. ಕೊಯ್ದು ನೋಡಿದರೆ ಬೆರಳು ಹೋಗುವಷ್ಟು ಖಾಲಿ ಜಾಗ. ಎರಡು ವಾರದ ಕೆಲಸ ಒಲೆಗೆ ಹೋಯಿತು. ಅವತ್ತಿನಿಂದ ಪ್ಲೈವುಡ್ ಕೊಳ್ಳುವಾಗ ನಾನೂ ತಟ್ಟಿ ನೋಡಿಯೇ ಕೊಳ್ಳುತ್ತೇನೆ. ಅಂಚಿನಲ್ಲಿ ಪದರದ ನಡುವೆ ಕಪ್ಪು ಸಂದಿ ಕಂಡರೆ ಬಿಟ್ಟುಬಿಡಿ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಬಳಸಿದರೆ ಈ ತೊಂದರೆ ಇಲ್ಲ, ಆದರೆ ನೀರು ತಾಗಬಾರದು, ಕೊಯ್ಯುವಾಗ ಬಾಯಿ ಮೂಗಿಗೆ ಮಾಸ್ಕ್ ಇರಲೇಬೇಕು.

ತೂತುಗಳನ್ನು ಜೋಡಿಸುವ ಮೊದಲೇ ಕೊರೆಯಿರಿ. ಟ್ವೀಟರ್ ಮೇಲೆ, ವೂಫರ್ ಕೆಳಗೆ, ಎರಡೂ ಆದಷ್ಟು ಹತ್ತಿರ. ನನ್ನ ವೂಫರಿಗೆ 14.5 ಸೆಂಟಿಮೀಟರ್ ತೂತು ಬೇಕಾಯಿತು. ನಿಮ್ಮದನ್ನು ಅಳೆದು ಗುರುತು ಹಾಕಿ, ಗೆರೆಯ ಒಳಗೇ ಜಿಗ್‌ಸಾ ಓಡಿಸಿ, ಆಮೇಲೆ ಅರದಿಂದ ಬಿಡಿಸಿಕೊಳ್ಳಿ. ಫೆವಿಕಾಲ್ ಹಚ್ಚುವಾಗ ಜಿಪುಣತನ ಬೇಡ, ಒತ್ತಿದರೆ ಅಂಚಿನುದ್ದಕ್ಕೂ ಮಣಿ ಮಣಿಯಾಗಿ ಹೊರಗೆ ಬರಬೇಕು. ಸಣ್ಣ ತೂತು ಹಾಕಿಕೊಂಡು ಒಂದೂವರೆ ಇಂಚಿನ ಸ್ಕ್ರೂ ಬಿಗಿ ಮಾಡಿ. ನನ್ನ ಹತ್ತಿರ ಕ್ಲಾಂಪ್ ಇರಲಿಲ್ಲ. ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಎಳೆದೆಳೆದು ಪೆಟ್ಟಿಗೆಗೆ ಸುತ್ತಿದೆ. ಅದು ನಾಲ್ಕೂ ಕಡೆಯಿಂದ ಸಮನಾಗಿ ಬಿಗಿಯುತ್ತದೆ, ನನಗೆ ಈಗಲೂ ಕ್ಲಾಂಪಿಗಿಂತ ಅದೇ ಇಷ್ಟ. ಒಂದು ದಿನ ಪೂರ್ತಿ ಹಾಗೇ ಬಿಡಿ. ಪಕ್ಕದ ಎರಡು ಹಲಗೆಗಳ ನಡುವೆ ಒಂದು ಆಸರೆ ಪಟ್ಟಿ ಕೊಡಿ. ಒಳಮೂಲೆಗಳಿಗೆಲ್ಲ ಮರದ ಹೊಟ್ಟನ್ನು ಫೆವಿಕಾಲ್‌ನಲ್ಲಿ ಕಲಸಿ, ಬೆರಳಲ್ಲಿ ಒತ್ತಿ ಮೆತ್ತಿ.

ಈಗ ನನ್ನ ಕೈ ಪಳಗಿದ ಕೆಲಸ. ವೂಫರಿಗೆ ಕೆಳಗಿನ ದನಿ, ಟ್ವೀಟರಿಗೆ ಮೇಲಿನ ದನಿ ಹಂಚುವ ಕ್ರಾಸ್‌ಓವರ್. 3000 ಹರ್ಟ್ಸ್‌ನಲ್ಲಿ ಹಂಚಿದೆ. ನಿಮ್ಮ ಟ್ವೀಟರಿನ ಎಫ್‌ಎಸ್ 1500 ಹರ್ಟ್ಸ್‌ಗಿಂತ ಕೆಳಗಿದ್ದರೆ ಇದು ನಡೆಯುತ್ತದೆ. ಲಿಂಕ್‌ವಿಟ್ಜ್ ರೈಲಿ ಎಂಬ ಎರಡು ಮೆಟ್ಟಿಲಿನ ಜೋಡಣೆಗೆ 8 ಓಂ ಲೆಕ್ಕದಲ್ಲಿ ಕಾಯಿಲ್ 0.85 ಮಿಲಿಹೆನ್ರಿ, ಕೆಪಾಸಿಟರ್ 3.3 ಮೈಕ್ರೋಫ್ಯಾರಡ್. ವೂಫರಿಗೆ ಕಾಯಿಲ್ ಸಾಲಿನಲ್ಲಿ (ಸೀರೀಸ್), ಕೆಪಾಸಿಟರ್ ಅಡ್ಡಕ್ಕೆ (ಪ್ಯಾರಲಲ್). ಟ್ವೀಟರಿಗೆ ಕೆಪಾಸಿಟರ್ ಸಾಲಿನಲ್ಲಿ, ಕಾಯಿಲ್ ಅಡ್ಡಕ್ಕೆ. ಒಂದು ಪೆಟ್ಟಿಗೆಗೆ ಎರಡು ಕಾಯಿಲ್, ಎರಡು ಕೆಪಾಸಿಟರ್.

ಕಾಯಿಲ್ ಕೊಳ್ಳಬೇಡಿ, ಸುತ್ತಿ. 30 ಎಂಎಂ ದಪ್ಪ, 20 ಎಂಎಂ ಉದ್ದದ ಮರದ ಗುಂಡು ಒಂದು ಮಾಡಿಸಿಕೊಳ್ಳಿ. ಎರಡೂ ಕಡೆ ಹಾರ್ಡ್‌ಬೋರ್ಡಿನ ಬಿಲ್ಲೆ ಇಟ್ಟು, ನಡುವೆ ಬೋಲ್ಟ್ ತೂರಿಸಿ ನಟ್ ಬಿಗಿ ಮಾಡಿ. ಬಿಲ್ಲೆಗೆ ನಾಲ್ಕು ಕಡೆ ಸೀಳು ಇರಲಿ, ಕೊನೆಗೆ ದಾರ ಕಟ್ಟಲು ಬೇಕು. 18 ಗೇಜಿನ ಎನಾಮಲ್ ವೈರ್ ತೆಗೆದುಕೊಂಡು 160 ಸುತ್ತು ಹಾಕಿ. ಒಂದು ಪದರಕ್ಕೆ 15 ಸುತ್ತು ಹಿಡಿಯುತ್ತದೆ, ಹತ್ತು ಪದರ ಮುಗಿದು ಹನ್ನೊಂದನೆಯದು ಅರ್ಧ ದಾಟಿದಾಗ 160 ಆಗಿರುತ್ತದೆ. ವೈರನ್ನು ಎಡಗೈಯ ಹೆಬ್ಬೆಟ್ಟು ಮತ್ತು ತೋರುಬೆರಳ ನಡುವೆ ಬಟ್ಟೆ ಚೂರಿನಲ್ಲಿ ಹಿಡಿಯಿರಿ, ತುಸು ಬಿಗಿ ಇರಲಿ. ಸುತ್ತಿನ ಪಕ್ಕಕ್ಕೆ ಸುತ್ತು ಕೂರುವಾಗ ಬೆರಳಿಗೆ ಒಂದು ಸಣ್ಣ ಟಿಕ್ ಸಿಗುತ್ತದೆ. ಆ ಟಿಕ್ ತಪ್ಪಿದರೆ ವೈರ್ ಹಿಂದಿನ ಸುತ್ತಿನ ಮೇಲೆ ಹತ್ತಿದೆ ಅಂತ ಅರ್ಥ, ನಿಲ್ಲಿಸಿ ಒಂದು ಸುತ್ತು ಬಿಚ್ಚಿ. ಪ್ರತಿ ಪದರ ಮುಗಿದಾಗ ಗೋಡೆಯ ಮೇಲೆ ಒಂದು ಗೆರೆ ಹಾಕಿಕೊಳ್ಳಿ. ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ, ಅದಕ್ಕೇ ನಾನು ಅಂಗಡಿ ಶಟರ್ ಅರ್ಧ ಇಳಿಸಿಕೊಂಡು ಸುತ್ತುತ್ತೇನೆ.

ಒಂದು ಕಾಯಿಲ್‌ಗೆ ಸುಮಾರು 22 ಮೀಟರ್ ವೈರ್, ತೂಕ 230 ಗ್ರಾಂ ಆಸುಪಾಸು. ನಾಲ್ಕು ಕಾಯಿಲ್‌ಗೆ ಒಂದು ಕೆಜಿ ತಂದರೆ ಸಾಕು. ಮುಗಿದ ಮೇಲೆ ಸೀಳಿನಲ್ಲಿ ದಾರ ತೂರಿಸಿ ನಾಲ್ಕು ಕಡೆ ಕಟ್ಟಿ, ಬಿಲ್ಲೆ ಬಿಚ್ಚಿ, ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಿ. ಬೋಲ್ಟನ್ನು ತಪ್ಪದೆ ತೆಗೆಯಿರಿ. ಕಾಯಿಲ್ ನಡುವೆ ಕಬ್ಬಿಣ ಉಳಿದರೆ ಮಿಲಿಹೆನ್ರಿ ಏರಿಬಿಡುತ್ತದೆ. ಹಲಗೆಗೆ ಕೂರಿಸುವಾಗಲೂ ಕಬ್ಬಿಣದ ಸ್ಕ್ರೂ ಬೇಡ, ಪ್ಲಾಸ್ಟಿಕ್ ಟೈ ಸಾಕು. ಎರಡು ಕಾಯಿಲ್‌ಗಳನ್ನು ದೂರ ಇಡಿ, ಒಂದು ಮಲಗಿದ್ದರೆ ಇನ್ನೊಂದು ನಿಂತಿರಲಿ. ಪಕ್ಕಪಕ್ಕ ಒಂದೇ ರೀತಿ ಮಲಗಿಸಿದರೆ ಟ್ರಾನ್ಸ್‌ಫಾರ್ಮರಿನ ಹಾಗೆ ಒಂದರ ದನಿ ಇನ್ನೊಂದಕ್ಕೆ ಹರಿಯುತ್ತದೆ. ಬೆಸುಗೆಗೆ ಮುಂಚೆ ತುದಿಯ ಎನಾಮಲನ್ನು ಬ್ಲೇಡಿನಿಂದ ತಾಮ್ರ ಹೊಳೆಯುವ ತನಕ ಕೆರೆಯಿರಿ.

ಕೆಪಾಸಿಟರ್ ವಿಷಯದಲ್ಲಿ ನಮ್ಮಂಥವರಿಗೆ ಒಂದು ಅನುಕೂಲ ಇದೆ. ಸೀಲಿಂಗ್ ಫ್ಯಾನಿನ 3.15 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆಯಲ್ಲ, ಅದು ಪಾಲಿಪ್ರೊಪಿಲೀನ್ ಫಿಲ್ಮ್‌ನದು. ಸ್ಪೀಕರಿಗೆ ಬೇಕಾದ್ದೂ ಅದೇ ಜಾತಿ. 3.3ಕ್ಕೂ 3.15ಕ್ಕೂ ನೂರಕ್ಕೆ ಐದರಷ್ಟು ವ್ಯತ್ಯಾಸ, ಕಿವಿಗೆ ಗೊತ್ತಾಗುವುದಿಲ್ಲ. ಹೊಸದನ್ನೇ ಹಾಕಿ, ಹಳೇ ಫ್ಯಾನಿನದರ ಬಲ ಇಳಿದಿರುತ್ತದೆ. ಮೋಟರ್ ಸ್ಟಾರ್ಟಿಂಗ್ ಕೆಪಾಸಿಟರ್ ಮಾತ್ರ ಬೇಡ, ಅದು ಎಲೆಕ್ಟ್ರೋಲಿಟಿಕ್. ವೂಫರಿನ ಎರಡು ತುದಿಗೆ ಅಡ್ಡಲಾಗಿ 8.2 ಓಂ, 10 ವ್ಯಾಟ್ ಸಿಮೆಂಟ್ ರೆಸಿಸ್ಟರ್ ಒಂದನ್ನು 10 ಮೈಕ್ರೋಫ್ಯಾರಡ್ ರನ್ನಿಂಗ್ ಕೆಪಾಸಿಟರಿನ ಜೊತೆ ಸಾಲಾಗಿ ಸೇರಿಸಿ ಕೊಟ್ಟೆ. ಮೇಲಿನ ದನಿಯಲ್ಲಿ ವೂಫರಿನ ಓಂ ಏರುವುದನ್ನು ಅದು ಹಿಡಿದು ನಿಲ್ಲಿಸುತ್ತದೆ. ಅದಿಲ್ಲದಿದ್ದರೆ 8 ಓಂ ಅಂತ ಹಿಡಿದ ಕ್ರಾಸ್‌ಓವರ್ ಲೆಕ್ಕವೇ ತಪ್ಪುತ್ತದೆ.

ಟ್ವೀಟರ್ ಸಾಮಾನ್ಯವಾಗಿ ವೂಫರಿಗಿಂತ ಜೋರು. ನನ್ನದು 91 ಡೆಸಿಬಲ್, ವೂಫರ್ 87. ಆ 4 ಡೆಸಿಬಲ್ ಇಳಿಸಲು ಕ್ರಾಸ್‌ಓವರ್ ಆದಮೇಲೆ 3 ಓಂ ಸಾಲಿನಲ್ಲಿ, 15 ಓಂ ಟ್ವೀಟರಿಗೆ ಅಡ್ಡಲಾಗಿ ಹಾಕಬೇಕು. ನಿಮ್ಮ ಜೋಡಿಗೆ ಇದೇ ಸರಿ. ಅವ್ವನ ಜೋಡಿಗೆ ನಾನು 1.5 ಓಂ ಮತ್ತು 33 ಓಂ ಹಾಕಿದೆ. ಆಗ ಇಳಿಯುವುದು 2 ಡೆಸಿಬಲ್ ಮಾತ್ರ. ಗಿರಣಿ ಕಿತ್ತುಕೊಂಡ ಆ ಚೂಪು ದನಿಯಲ್ಲಿ ಸ್ವಲ್ಪವಾದರೂ ಅವ್ವನಿಗೆ ಸಿಗಲಿ ಅಂತ. ಅಂಗಡಿಯಲ್ಲಿ ಸಿಗುವ ಸ್ಪೀಕರಿನಲ್ಲಿ ಒಬ್ಬರ ಕಿವಿಗೆ ತಕ್ಕ ಹಾಗೆ ಹೀಗೆ ಕೂರಿಸಿಕೊಡುವವರು ಯಾರಿದ್ದಾರೆ?

ಪೆಟ್ಟಿಗೆಯ ಒಳಗೋಡೆಗೆ ಮೆತ್ತೆ ಬೇಕು, ಇಲ್ಲದಿದ್ದರೆ ಕೋನಿನ ಹಿಂದಿನ ದನಿ ಗೋಡೆಗೆ ಬಡಿದು ಕೋನಿನ ಮೂಲಕವೇ ಹೊರಗೆ ಬರುತ್ತದೆ. ನಾನು ಚಳ್ಳಕೆರೆಯ ಹಳೇ ಕಂಬಳಿಯೊಂದನ್ನು ಎರಡು ದಿನ ಬಿಸಿಲಿಗೆ ಹಾಕಿ, ಕತ್ತರಿಸಿ ಅಂಟಿಸಿದೆ. ಕುರಿ ಉಣ್ಣೆ ದನಿ ಹೀರುವುದರಲ್ಲಿ ಬಹಳ ಒಳ್ಳೆಯದು. ನಡುವಿನ ಜಾಗಕ್ಕೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ನೂಲು ಸುಮಾರು 100 ಗ್ರಾಂ, ಬಿಡಿಸಿ ಸಡಿಲವಾಗಿ. ಹತ್ತಿ ಹಾಕಿದರೆ ಕಾಲಕ್ರಮೇಣ ತಳಕ್ಕೆ ಕೂರುತ್ತದೆ. ವೂಫರಿನ ಬೆನ್ನಿಗೆ ಎಳೆ ತಾಗದ ಹಾಗೆ ತೆಳು ಬಟ್ಟೆಯೊಂದನ್ನು ಅಡ್ಡ ಕಟ್ಟಿ.

ಕೂರಿಸುವ ಮೊದಲು ಮೀಟರ್ ಇಡಿ, 8 ಓಂ ವೂಫರ್ ಸುಮಾರು 6 ಓಂ ತೋರಿಸುತ್ತದೆ, ಅದು ಸರಿಯೇ. ಒಂದೂವರೆ ವೋಲ್ಟ್ ಸೆಲ್ಲನ್ನು ಕ್ಷಣ ಮುಟ್ಟಿಸಿ. ಕೋನ್ ಹೊರಕ್ಕೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಪ್ಲಸ್. ಈ ಬಗೆಯ ಕ್ರಾಸ್‌ಓವರಿನಲ್ಲಿ ಟ್ವೀಟರಿನ ಪ್ಲಸ್ ಮೈನಸ್ ಅದಲು ಬದಲು ಕೊಡಬೇಕು. ನಂಬಿಕೆ ಬರದಿದ್ದರೆ ಫೋನಿನಲ್ಲಿ 3000 ಹರ್ಟ್ಸ್ ಟೋನ್ ಹಾಕಿ ಎರಡೂ ರೀತಿ ಕೊಟ್ಟು ಕೇಳಿ. ಸರಿ ಇದ್ದಾಗ ದನಿ ತುಂಬಿ ಬರುತ್ತದೆ, ತಪ್ಪಿದ್ದಾಗ ಎಲ್ಲೋ ಒಳಗೆ ಹೂತುಹೋದ ಹಾಗಿರುತ್ತದೆ. ವೂಫರಿನ ಅಂಚಿನಡಿ ಬಾಗಿಲಿಗೆ ಹಾಕುವ ಫೋಮ್ ಪಟ್ಟಿ ಕೊಟ್ಟು ಸ್ಕ್ರೂ ಬಿಗಿ ಮಾಡಿ.

ಕೊನೆಗೆ ಸೋರಿಕೆ ಪರೀಕ್ಷೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, 30 ಹರ್ಟ್ಸ್ ಟೋನನ್ನು ಮೆಲ್ಲಗೆ ಹಾಕಿ, ಹಚ್ಚಿದ ಊದುಬತ್ತಿಯನ್ನು ಹಲಗೆಯ ಸಂದಿಗುಂಟ ನಿಧಾನಕ್ಕೆ ತನ್ನಿ. ಗಟ್ಟಿ ಸಂದಿಯ ಹತ್ತಿರ ಹೊಗೆ ನೆಟ್ಟಗೆ ಏರುತ್ತದೆ. ನನ್ನ ಪೆಟ್ಟಿಗೆಯ ಹಿಂದೆ, ವೈರ್ ಸಿಕ್ಕಿಸುವ ಟರ್ಮಿನಲ್ ಬಳಿ ಬಂದಾಗ ಹೊಗೆ ಹಲ್ಲುಹಲ್ಲಾಗಿ ನಡುಗಿತು. ಅಲ್ಲಿ ಕೂದಲೆಳೆಯಷ್ಟು ಸಂದಿ ಇತ್ತು. ಎರಡು ಹನಿ ಫೆವಿಕಾಲ್ ಹಾಕಿ ಮಾರನೇ ದಿನ ಮತ್ತೆ ಹಿಡಿದೆ, ಹೊಗೆ ನೆಟ್ಟಗೆ ನಿಂತಿತು.

ಮೇಲಿನ ಅಂದಕ್ಕೆ 120ರ ಸ್ಯಾಂಡ್‌ಪೇಪರ್, ಆಮೇಲೆ 220, ಆಮೇಲೆ ನಿಮಗಿಷ್ಟವಾದ ಪಾಲಿಶ್. ಆಂಪ್ಲಿಫೈಯರಿಗೆ ಟಿಪಿಎ 3116 ಚಿಪ್ಪಿನ ಸಣ್ಣ ಬೋರ್ಡ್, 19 ವೋಲ್ಟಿನ ಹಳೇ ಲ್ಯಾಪ್‌ಟಾಪ್ ಅಡಾಪ್ಟರ್ ಸಾಕು. ಒಂದೊಂದು ಪೆಟ್ಟಿಗೆಗೆ ಸುಮಾರು 20 ವ್ಯಾಟ್ ಸಿಗುತ್ತದೆ, ಮನೆಗೆ ಅದು ಜಾಸ್ತಿಯೇ. ಈ ಬೋರ್ಡಿನಲ್ಲಿ ಎರಡು ಸ್ಪೀಕರುಗಳ ಮೈನಸ್ ತುದಿಗಳನ್ನು ಎಂದೂ ಒಂದಕ್ಕೊಂದು ಸೇರಿಸಬೇಡಿ, ಚಿಪ್ ಸುಡಬಹುದು. ರೇಡಿಯೋದ ಇಯರ್‌ಫೋನ್ ತೂತಿನಿಂದ ಬೋರ್ಡಿಗೆ ಒಂದು ವೈರ್ ಎಳೆದರೆ ಆಯಿತು.

ಅವ್ವ ಒಲೆ ಮುಂದೆ ಕೂರುವವಳು. ಹಾಗಾಗಿ ಟ್ವೀಟರ್ ಅವಳ ಕಿವಿ ಮಟ್ಟಕ್ಕೆ ಬರುವಂತೆ ಎರಡೂ ಪೆಟ್ಟಿಗೆಯನ್ನು ತಗ್ಗಿನ ಸ್ಟೂಲ್ ಮೇಲೆ ಇಟ್ಟೆ. ಬೆಳಿಗ್ಗೆ ರೇಡಿಯೋ ಹಾಕಿ, ಅಭ್ಯಾಸ ಬಲದಿಂದ ದನಿ ಮುಕ್ಕಾಲು ತಿರುಗಿಸಿದೆ. ಅವ್ವನ ಕೈ ರೊಟ್ಟಿ ಮೇಲೆ ನಿಂತಿತು. ಸುದ್ದಿ ಓದುವವರ ದನಿಯ ಕಡೆ ಸ್ವಲ್ಪ ಹೊತ್ತು ತಲೆ ವಾಲಿಸಿ ಕೇಳಿದಳು. ಆಮೇಲೆ ಹಿಟ್ಟಾದ ಕೈಯನ್ನು ನನ್ನ ಕಡೆ ಬೀಸಿ, "ಸಣ್ಣಗ್ ಮಾಡಪ, ಯಾಕಿಷ್ಟು ಜೋರು" ಅಂದಳು. ಅರ್ಧಕ್ಕೆ ಇಳಿಸಿದೆ. "ಇನ್ನೂ" ಅಂದಳು. ಇನ್ನೂ ಇಳಿಸಿದೆ. ಆ ಗುಂಡಿ ಇವತ್ತಿಗೂ ಅಲ್ಲೇ ಇದೆ.